ಮಾಹಿತಿ ನೀಡಿದವರು: ತಂದೆ

ಬಿಜ್ಜರಗಿ
8 ಜುಲೈ 2024

ಡಾಕ್ಟರಬಾಯಿ ಆಮ್ರಪಾಲಿ ಅವರಿಗೆ,

ನಿಮ್ಮ ಹೆಸರನ್ನು ಲ್ಯಾಬಿನ ಗೇಟಿನ ಪಹರೆಯವ ಹೇಳಿದ. ಒಳಗೆ ಬಿಡಲಿಲ್ಲ. ಏನಿದ್ದರೂ ಬರೆದು ಕೊಡು ಎಂದ. ಅಥಣಿ ರಸ್ತೆಯ ಬಿಸಿಲಲ್ಲಿ ಎರಡು ತಾಸು ನಿಲ್ಲಿಸಿ ಹೇಳುವ ಬದಲು ಬಂದ ಕೂಡಲೇ ಹೇಳಿದ್ದರೆ ನನ್ನ ಒಂದು ಹೊತ್ತಿನ ಕೆಲಸವಾದರೂ ಉಳಿಯುತ್ತಿತ್ತು. ಈಗ ಬರೆಯುತ್ತಿದ್ದೇನೆ. ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟವನು ನಾನು. ಅಕ್ಷರ ಸೊಟ್ಟಗಿವೆ. ಮಾತು ನೆಟ್ಟಗಿದೆ.

ನಮ್ಮೂರಿನ ಮುಬೀನ ನಿಮ್ಮ ಲ್ಯಾಬಿನಲ್ಲಿ ಗಾಜಿನ ಸಾಮಾನು ತೊಳೆಯುತ್ತಾನೆ. ಬಕ್ರೀದಿಗೆ ಊರಿಗೆ ಬಂದವನು ಮಸೀದಿಯ ಕಟ್ಟೆಯ ಮೇಲೆ, ನಾಲ್ಕು ಮಂದಿಯ ಮುಂದೆ, ನನಗೆ ಹೇಳಿದ: "ಕಾಕಾ, ನಿಮ್ಮ ಅಕ್ರಮ ಇನ್ನೂ ನಮ್ಮಲ್ಲಿ ಬಾಟಲಿಯಾಗ ಅದಾನ್ರಿ. ಬೆಳ್ಯಾಕತ್ತಾನ." ನನ್ನ ಸೊಸೆ ಸಾಯಿರಾ ನಿಮ್ಮನ್ನು ಕಾಣಲು ಬಂದಿದ್ದಳಂತೆ. ಆಗ ಅವನಿಗೆ ಗೊತ್ತಾಯಿತಂತೆ.

ಅಕ್ರಮ ನನ್ನ ಮಗ. ಒಬ್ಬನೇ ಮಗ. ಹೋದ ಡಿಸೆಂಬರಿನಲ್ಲಿ ತೀರಿಕೊಂಡ, ಮೂವತ್ಮೂರು ವರ್ಷ. ವಿಜಯಪುರದಲ್ಲೇ ಮಣ್ಣು ಮಾಡಿದರು. ಈಗ ನೋಡಿದರೆ ನೀವು ಅವನ ಹೊಟ್ಟೆಯ ಚೂರೊಂದನ್ನು ಇಟ್ಟುಕೊಂಡು ಸಾಕುತ್ತಿದ್ದೀರಿ. ಯಾರನ್ನು ಕೇಳಿ?

ನಮ್ಮಲ್ಲಿ ಕಾಲು ಕತ್ತರಿಸಿದರೂ ಆ ಕಾಲನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಮಣ್ಣು ಮಾಡುತ್ತೇವೆ. ಎಸೆಯುವುದಿಲ್ಲ, ಸುಡುವುದಿಲ್ಲ. ಬಾಟಲಿಗೆ ಹಾಕುವುದಂತೂ ಕೇಳಿಲ್ಲ.

ನಾನು ದ್ರಾಕ್ಷಿಗೆ ಕಸಿ ಕಟ್ಟುವವನು. ನಲವತ್ತೈದು ವರ್ಷ ಆಯಿತು. ತಿಕೋಟಾದಿಂದ ಬಬಲೇಶ್ವರದವರೆಗೆ ಯಾವ ತೋಟದಲ್ಲಾದರೂ ಕೇಳಿ. ಕಾಡು ಬೇರಿನ ಮೇಲೆ ಒಳ್ಳೆಯ ತಳಿಯ ಕಡ್ಡಿ ಕೂಡಿಸಬೇಕು. ಕಡ್ಡಿಯನ್ನು ಬೇರೆಯವರ ತೋಟದಿಂದ ತರಬೇಕು. ತರುವ ಮೊದಲು ಧಣಿಯನ್ನು ಕೇಳುತ್ತೇವೆ. ಕಡಿದ ಮೇಲೆ ಕಟ್ಟಿಗೆ ಚೀಟಿ ಕಟ್ಟುತ್ತೇವೆ: ಯಾರ ತೋಟ, ಯಾವ ತಳಿ, ಯಾವ ದಿನ. ಚೀಟಿ ಇಲ್ಲದ ಕಟ್ಟನ್ನು ನಾನು ಮುಟ್ಟಿಲ್ಲ. ಒಮ್ಮೆ ಒಬ್ಬ ಹುಂಬ ಥಾಮ್ಸನ್ ತಳಿ ಎಂದು ಚೀಟಿ ಬರೆದು ಬೇರೆ ಕಡ್ಡಿ ಕೊಟ್ಟಿದ್ದ. ಮೂರನೆಯ ವರ್ಷ ಕಾಯಿ ಹಿಡಿದಾಗ ಬಯಲಾಯಿತು. ನಾನು ಬದುವಿನ ಮೇಲೆ ನಿಂತು ನಾಲ್ಕುನೂರು ಬಳ್ಳಿಗಳನ್ನು ಅವನ ಕೈಯಿಂದಲೇ ಕೀಳಿಸಿದೆ. ಅಳುತ್ತ ಕಿತ್ತ. ಕೀಳಲಿ.

ನಿಮ್ಮ ಬಾಟಲಿಯ ಮೇಲೆ ನನ್ನ ಮಗನ ಹೆಸರಿಲ್ಲವಂತೆ, ನಂಬರ್ ಇದೆಯಂತೆ. ಹೆಸರು ಕಿತ್ತು ನಂಬರ್ ಹಾಕುವುದು ಕದ್ದ ಮಾಲಿಗೆ.

ಚೂರನ್ನು ಕೊಟ್ಟುಬಿಡಿ. ಮಣ್ಣು ಮಾಡುತ್ತೇನೆ. ಬೇರೆ ಮಾತಿಲ್ಲ.

ಮೌಲಾಸಾಬ ಹುಸೇನಸಾಬ ನದಾಫ
ಕಸಿ ಕಟ್ಟುವವ


ವಿಜಯಪುರ
19 ಜುಲೈ 2024

ಮೌಲಾಸಾಬರಿಗೆ,

ಯಾರ ಅಂಗಾಂಶ ನಮ್ಮಲ್ಲಿದೆ ಎಂಬುದನ್ನು ನಾನು ಯಾರಿಗೂ ಹೇಳುವಂತಿಲ್ಲ. ಮುಬೀನ ಮಾತಾಡಿದ್ದು ತಪ್ಪು. ಅವನಿಗೆ ತಾಕೀತು ಮಾಡಿದ್ದೇನೆ. ನಿಮಗೆ ಉತ್ತರ ಬರೆಯಲು ಸಾಯಿರಾ ಅವರು ಲಿಖಿತ ಒಪ್ಪಿಗೆ ಕೊಟ್ಟಿದ್ದರಿಂದ ಬರೆಯುತ್ತಿದ್ದೇನೆ. ಹೆಸರಿನ ಜಾಗದಲ್ಲಿ ನಂಬರ್ ಹಾಕುವುದು ರೋಗಿಯ ಮಾನ ಕಾಯಲು, ಕದಿಯಲು ಅಲ್ಲ. ನಿಮ್ಮ ಮಗನ ನಂಬರ್ ಹದಿನೇಳು.

ಹೊಟ್ಟೆಯ ಹಿಂಭಾಗದಲ್ಲಿ ಮೇದೋಜೀರಕ ಎಂಬ ಗ್ರಂಥಿ ಇದೆ. ಅದರಲ್ಲಿ ನಕ್ಷತ್ರದ ಆಕಾರದ ಕೆಲವು ಜೀವಕೋಶಗಳಿರುತ್ತವೆ. ಗ್ರಂಥಿ ಆರೋಗ್ಯವಾಗಿದ್ದಾಗ ಎಣ್ಣೆಯ ಸಣ್ಣ ಹನಿಗಳನ್ನು ಒಡಲಲ್ಲಿಟ್ಟುಕೊಂಡು ಸುಮ್ಮನಿರುತ್ತವೆ. ಗಾಯವಾದರೆ ಎದ್ದು ನಾರು ಹೆಣೆದು ಮುಚ್ಚುತ್ತವೆ. ಗಾಯ ಮತ್ತೆ ಮತ್ತೆ ಆದರೆ ಅವಕ್ಕೆ ನಿಲ್ಲಿಸುವುದು ತಿಳಿಯುವುದಿಲ್ಲ. ಹೆಣೆಯುತ್ತಲೇ ಹೋಗುತ್ತವೆ, ಗ್ರಂಥಿ ಗಟ್ಟಿಯಾಗಿ ಸಾಯುತ್ತದೆ. ನಿಮ್ಮ ಮಗನಿಗೆ ಆದದ್ದು ಅದೇ. 2022ರ ಜನವರಿಯಲ್ಲಿ ಶಸ್ತ್ರಚಿಕಿತ್ಸೆ ಮಾಡಿ ಒಳಗೆ ಕಟ್ಟಿದ್ದ ಕಲ್ಲು ತೆಗೆದಾಗ ಗ್ರಂಥಿಯ ಒಂದು ತುಂಡನ್ನೂ ತೆಗೆಯಬೇಕಾಯಿತು. ಆ ತುಂಡಿನಿಂದ ಈ ಕೋಶಗಳನ್ನು ಬೆಳೆಸಿದ್ದೇವೆ. ಅವನ್ನು ನಿಲ್ಲಿಸುವುದು ಹೇಗೆ ಎಂದು ಹುಡುಕುವುದು ನನ್ನ ಕೆಲಸ.

ಬಾಟಲಿಯಲ್ಲಿ ಅಕ್ರಮ ಇಲ್ಲ. ಯಾರೂ ಇಲ್ಲ. ಏಳೆಂಟು ಸಲ ಪಾತ್ರೆ ಬದಲಿಸಿದರೆ ಕೋಶಗಳು ಸುಸ್ತಾಗಿ ನಿಂತುಬಿಡುತ್ತವೆ. ಈಗ ಉಳಿದಿರುವುದು ನಾಲ್ಕು ಸೀಸೆ, ಭಾರೀ ತಣ್ಣನೆಯ ಪೀಪಾಯಿಯಲ್ಲಿವೆ. ಅವನ್ನು ನಿಮಗೆ ಕೊಡಲು ಬರುವುದಿಲ್ಲ. ಕೊಟ್ಟವರು ನೀವಲ್ಲ.

ಚೀಟಿಯ ಸುದ್ದಿ ನನಗೆ ಹೊಸದೇನಲ್ಲ. ನಮ್ಮಜ್ಜಿ ಪರಸವ್ವ ಬಬಲೇಶ್ವರದ ತೋಟಗಳಲ್ಲಿ ಮೂವತ್ತು ವರ್ಷ ಕಡ್ಡಿ ಆರಿಸಿದವಳು. ನಿಮ್ಮ ಚೀಟಿಯ ಮೇಲೆ ಧಣಿಯ ಹೆಸರಿರುತ್ತಿತ್ತು. ಅವಳ ಹೆಸರನ್ನು ಯಾರೂ ಬರೆಯಲಿಲ್ಲ. ಕಳ್ಳರು ಯಾರು ಎಂಬ ಮಾತನ್ನು ನನ್ನ ಹತ್ತಿರ ಆಡಬೇಡಿ.

ಆಮ್ರಪಾಲಿ


ಬಿಜ್ಜರಗಿ
2 ಆಗಸ್ಟ್ 2024

ಡಾಕ್ಟರಬಾಯಿಗೆ,

ಸುಸ್ತಾಗಿ ನಿಂತುಬಿಡುತ್ತವೆ ಎಂದು ಬರೆದಿದ್ದೀರಿ. ಅಲ್ಲಿಯವರೆಗೆ ಓದಿ ಕಾಗದ ಮಡಚಿಟ್ಟೆ. ಉಳಿದದ್ದನ್ನು ಮೂರು ದಿನ ಬಿಟ್ಟು ಓದಿದೆ. ಸಿಟ್ಟು ಇಳಿಯಲಿ ಎಂದು ಕಾದೆ, ಇಳಿಯಲಿಲ್ಲ.

ಗ್ರಂಥಿ, ನಕ್ಷತ್ರ, ನಾರು, ಇವೆಲ್ಲ ನನಗೆ ಕಲಿಸಬೇಡಿ. ನನ್ನ ಮಗ ಸತ್ತದ್ದು ಕುಡಿದು. ಊರಿಗೆಲ್ಲ ಗೊತ್ತಿರುವುದನ್ನು ನೀವು ದುರ್ಬೀನು ಹಚ್ಚಿ ನೋಡುತ್ತಿದ್ದೀರಿ. ಕುಡುಕನ ಹೊಟ್ಟೆಯಲ್ಲಿ ನಿಮಗೆ ಏನು ಸಿಗಬೇಕಾಗಿದೆ?

ಕುಡುಕನಾದರೂ ನನ್ನ ಮಗ. ಮಣ್ಣು ನನ್ನ ಹಕ್ಕು. ನಿಮ್ಮ ಅಜ್ಜಿಯ ಹೆಸರನ್ನು ಚೀಟಿಯಲ್ಲಿ ಬರೆಯಲಿಲ್ಲ ಎಂದಿರಿ. ಇರಬಹುದು. ಆ ಸೇಡನ್ನು ನನ್ನ ಮೇಲೆ ತೀರಿಸಬೇಡಿ.

ಮೌಲಾಸಾಬ ನದಾಫ


ಬಿಜ್ಜರಗಿ
2 ಆಗಸ್ಟ್ 2024

ಸಾಯಿರಾ,

ಫೋನು ಎತ್ತುವುದಿಲ್ಲ. ನನ್ನ ನಂಬರನ್ನು ಮುಚ್ಚಿದ್ದೀಯಂತೆ. ಕಾಗದವನ್ನಾದರೂ ಒಡೆಯುತ್ತೀ ಎಂದು ಬರೆದಿದ್ದೇನೆ.

ಗಂಡ ಬದುಕಿದ್ದಾಗ ಅವನ ಕುಡಿತ ಬಿಡಿಸಲಿಲ್ಲ. ಆಪರೇಷನ್ನಿಗೆ ಮಲಗಿದಾಗ ಅವನ ಮಾಂಸ ಕೊಟ್ಟು ಬಂದೆ. ಎಂಥ ಮನೆಯ ಹೆಣ್ಣು ತಂದೆ ನಾನು. ಲ್ಯಾಬಿಗೆ ಹೋಗಿ ಅದನ್ನು ವಾಪಸ್ ಕೇಳು. ಕೊಟ್ಟವನು ನಾನಲ್ಲ ಎಂದು ಡಾಕ್ಟರಬಾಯಿ ಬರೆದಿದ್ದಾರೆ, ಹಾಗಾದರೆ ಕೊಟ್ಟವಳು ನೀನೇ, ನೀನು ಕೇಳಿದರೆ ಕೊಡುತ್ತಾರೆ.

ನನ್ನ ಮೊಮ್ಮಗಳು ಮಿನಾಜಳನ್ನು ಬಕ್ರೀದಿಗೂ ಕಳಿಸಲಿಲ್ಲ. ಅದನ್ನೂ ನೆನಪಿಟ್ಟಿದ್ದೇನೆ.

ಮೌಲಾಸಾಬ


ಅಥಣಿ ರಸ್ತೆ, ವಿಜಯಪುರ
20 ಆಗಸ್ಟ್ 2024

ಮೌಲಾಸಾಬ ನದಾಫ ಅವರಿಗೆ,

ಮಾವ ಎಂದು ಬರೆಯಲು ಕೈ ಬರಲಿಲ್ಲ.

ಮಾಂಸ ಕೊಟ್ಟವಳು ನಾನಲ್ಲ. ಆಪರೇಷನ್ನಿನ ಹಿಂದಿನ ದಿನ ಅವರೇ ಒಪ್ಪಿಗೆ ಬರೆದು ಕೊಟ್ಟರು, ಹಾಸಿಗೆಯ ಮೇಲೆ ಎದ್ದು ಕೂತು. ಆ ಕಾಗದದ ಜೆರಾಕ್ಸ್ ಇದರಲ್ಲಿದೆ. ಸಹಿಯ ಕೆಳಗೆ, ಬರೆಯಬೇಕಿಲ್ಲದ ಜಾಗದಲ್ಲಿ, ಒಂದು ಸಾಲು ಬರೆದಿದ್ದಾರೆ. ಆ ಅಕ್ಷರ ನೀವೇ ಬಾರಕೋಲು ಹಿಡಿದು ಕಲಿಸಿದ್ದು ಎಂದು ಹೇಳುತ್ತಿದ್ದರು. ಗುರುತು ಹಿಡಿಯುತ್ತೀರಿ.

"ನನಗ ಇದು ಯಾಕ ಬಂತು ಅಂತ ಯಾರಿಗರೆ ಗೊತ್ತಾಗಲಿ."

ಅವರು ಕುಡಿಯುತ್ತಿರಲಿಲ್ಲ. ಹನ್ನೊಂದು ವರ್ಷ ಒಂದೇ ಚಾಪೆಯ ಮೇಲೆ ಮಲಗಿದವಳು ನಾನು. ನೀವು ಅವರನ್ನು ಬಾಗಿಲಿನಿಂದ ಹೊರಗೆ ಹಾಕಿದ ದಿನ ಅವರು ಏನು ಹೇಳಿದರು ನೆನಪಿದೆಯೇ? "ಅಂಗಿ ಮೂಸಬ್ಯಾಡ್ರಿ ಅಬ್ಬಾ. ಬಾಯಿ ಮೂಸಿ ನೋಡ್ರಿ." ನೀವು ಮೂಸಲಿಲ್ಲ. ಮುಖ ತಿರುಗಿಸಿದಿರಿ.

ಜನಾಜಾಕ್ಕೆ ಬಂದವರು ಹೆಗಲು ಕೊಡದೆ ಕೊನೆಯ ಸಾಲಿನಲ್ಲಿ ನಿಂತಿರಿ. ಬಿಜ್ಜರಗಿಯಿಂದ ಬಂದವರೆಲ್ಲ ನೋಡಿದರು. ಈಗ ಯಾವ ಮಣ್ಣಿನ ಹಕ್ಕು ಕೇಳುತ್ತೀರಿ?

ನಾನು ವಾಪಸ್ ಕೇಳುವುದಿಲ್ಲ.

ಸಾಯಿರಾ


ವಿಜಯಪುರ
14 ನವೆಂಬರ್ 2024

ಮೌಲಾಸಾಬರಿಗೆ,

ನಿಮಗೆ ಮತ್ತೆ ಬರೆಯುವ ಮನಸ್ಸಿರಲಿಲ್ಲ. ಕೆಲಸ ಬರೆಸುತ್ತಿದೆ.

ನಮ್ಮಲ್ಲಿ ಎರಡು ಗುಂಪುಗಳಿವೆ. ಕುಡಿತದಿಂದ ಗ್ರಂಥಿ ಕೆಟ್ಟವರ ಕೋಶಗಳು ಒಂದು ಕಡೆ, ಕುಡಿಯದೆ ಕೆಟ್ಟವರದು ಇನ್ನೊಂದು ಕಡೆ. ನಂಬರ್ ಹದಿನೇಳು ಕುಡಿತದ ಗುಂಪಿನಲ್ಲಿದೆ. ಮೂರು ವರ್ಷದಿಂದ ಅದು ಆ ಗುಂಪಿನವರಂತೆ ನಡೆದುಕೊಳ್ಳುತ್ತಿಲ್ಲ. ಮೊದಲು ಸೀಸೆ ಅದಲುಬದಲಾಗಿದೆ ಎಂದುಕೊಂಡೆ. ಹುಡುಗರನ್ನು ಬೈದೆ. ಎರಡು ಸಲ ಮೊದಲಿನಿಂದ ಮಾಡಿಸಿದೆ. ಬದಲಾಗಿರಲಿಲ್ಲ. ಕಲ್ಲುಗಳ ಹಳೆಯ ಚಿತ್ರ ತರಿಸಿ ನೋಡಿದೆ. ಕುಡಿಯದೆಯೇ, ಚಿಕ್ಕ ವಯಸ್ಸಿಗೆ, ಕೆಲವೊಮ್ಮೆ ಮನೆತನದಲ್ಲಿ ಇಳಿದು ಬರುವ ಕಾಯಿಲೆಯ ಕಲ್ಲುಗಳ ಹಾಗಿವೆ. ಆಗ ಸಾಯಿರಾ ಅವರನ್ನು ಕರೆಸಿದ್ದೆ. ಅವರು ಗಂಡ ಎಂದೂ ಕುಡಿದಿಲ್ಲ ಎಂದರು.

ಆಸ್ಪತ್ರೆಯ ಹಳೆಯ ಹಾಳೆ ತರಿಸಿದೆವು. 2021ರ ಮಾರ್ಚ್, ಮೊದಲ ಸಲ ಸೇರಿಸಿದ ದಿನ. ಅಲ್ಲಿ ಬರೆದದ್ದನ್ನು ಹಾಗೆಯೇ ಇಳಿಸುತ್ತಿದ್ದೇನೆ:

ಮದ್ಯಪಾನ: ಇದೆ, ಏಳೆಂಟು ವರ್ಷದಿಂದ, ದಿನಾಲು.
ಮಾಹಿತಿ ನೀಡಿದವರು: ತಂದೆ.

ಆ ಹಾಳೆಯ ಆಧಾರದ ಮೇಲೆ ಅವರನ್ನು ಕುಡಿತ ಬಿಡಿಸುವ ಕೇಂದ್ರಕ್ಕೆ ಕಳಿಸಿದರು. ಕಲ್ಲು ಇದೆಯೇ ಎಂದು ನೋಡಿದ್ದು ಎಂಟು ತಿಂಗಳ ಮೇಲೆ.

ಕಂಡದ್ದು ಏನು ಎಂದು ನನಗೆ ಬರೆದು ತಿಳಿಸಿ. ಅವರು ಕುಡಿದದ್ದನ್ನು ನೀವು ಕಣ್ಣಾರೆ ನೋಡಿದ್ದೀರಾ?

ಆಮ್ರಪಾಲಿ


ಬಿಜ್ಜರಗಿ
25 ನವೆಂಬರ್ 2024

ಡಾಕ್ಟರಬಾಯಿಗೆ,

ನನ್ನನ್ನು ಕಟಕಟೆಯಲ್ಲಿ ನಿಲ್ಲಿಸಲು ನೀವು ಯಾರು? ನಿಮ್ಮ ಬಾಟಲಿ ನೀವು ಹೇಳಿದ ಹಾಗೆ ಕುಣಿಯಲಿಲ್ಲ ಎಂದು ನನ್ನನ್ನು ಸುಳ್ಳುಗಾರ ಮಾಡುತ್ತೀರಿ.

ಹೌದು, ನಾನೇ ಹೇಳಿದೆ. ಡಾಕ್ಟರು ಕುಡಿತಾನೇನು ಎಂದು ಕೇಳಿದರು. ಹೇಳಬೇಕಾದದ್ದನ್ನು ಹೇಳಿದೆ. ಮುಚ್ಚಿಟ್ಟಿದ್ದರೆ ಮುಚ್ಚಿಟ್ಟ ಎನ್ನುತ್ತಿದ್ದಿರಿ. ಅವನು ಬಸಗೊಂಡಪ್ಪನ ಒಣದ್ರಾಕ್ಷಿ ಶೆಡ್ಡಿಗೆ ಕೆಲಸಕ್ಕೆ ಹೋಗುತ್ತಿದ್ದ. ಸಂಜೆ ಬಂದರೆ ಮನೆಯೆಲ್ಲ ನಾರುತ್ತಿತ್ತು. ಅಂಗಿ ಕಳಚಿ ಗೂಟಕ್ಕೆ ಹಾಕಿದರೆ ಬೆಳಗಾಗುವವರೆಗೂ ಸೆರೆಯ ವಾಸನೆ. ಉಂಡದ್ದನ್ನು ಕಾರಿಕೊಳ್ಳುತ್ತಿದ್ದ. ಹೊಟ್ಟೆ ಹಿಡಿದು ಗೋಡೆಗೆ ಒರಗುತ್ತಿದ್ದ. ಮೈ ಒಣಗಿ ಕಡ್ಡಿಯಾಗಿದ್ದ. ಓಣಿಯವರೆಲ್ಲ ಕುಡಿತ ಎಂದರು. ಓಣಿಗೆ ಓಣಿಯೇ ಸುಳ್ಳೇ? ನಲವತ್ತೈದು ವರ್ಷ ದ್ರಾಕ್ಷಿಯಲ್ಲಿ ಬದುಕಿದ ಮೂಗು ನನ್ನದು. ಆ ಮೂಗಿಗೆ ಸಾಕ್ಷಿ ಬೇಕಿಲ್ಲ.

ಕಣ್ಣಾರೆ ನೋಡಿದಿರಾ ಎಂದು ಕೇಳುತ್ತೀರಿ. ಯಾವ ಮಗ ಅಪ್ಪನ ಮುಂದೆ ಕುಡಿಯುತ್ತಾನೆ?

ಇನ್ನು ಮೇಲೆ ಬರೆಯಬೇಡಿ.

ಮೌಲಾಸಾಬ ನದಾಫ


ವಿಜಯಪುರ
6 ಜನವರಿ 2025

ಮೌಲಾಸಾಬರಿಗೆ,

ಬರೆಯುತ್ತೇನೆ. ಇದು ಕೊನೆಯದು.

ಹಾಳೆಯನ್ನು ತಿದ್ದಬೇಕೆಂದು ನಮ್ಮ ಸಮಿತಿಯನ್ನು ಕೇಳಿದೆ. ಹೆಂಡತಿ ಗಂಡನ ಪರ ಹೇಳುವವಳೇ, ಅವಳ ಮಾತಿನ ಮೇಲೆ ತಿದ್ದಲು ಬರುವುದಿಲ್ಲ ಎಂದರು. ಹೇಳಿದವರೇ ಬರೆದು ತಿದ್ದಬೇಕು. ರೋಗಿ ಇಲ್ಲ. ಉಳಿದವರು ನೀವೊಬ್ಬರೇ.

ಈ ಕೆಲಸದ ಅವಧಿ ಮಾರ್ಚ್ ಮೂವತ್ತೊಂದಕ್ಕೆ ಮುಗಿಯುತ್ತದೆ. ಯಾವ ಗುಂಪಿನದೆಂದು ತೀರ್ಮಾನವಾಗದ ಸೀಸೆಗಳನ್ನು ಮುಂದಕ್ಕೆ ಇಟ್ಟುಕೊಳ್ಳುವುದಿಲ್ಲ. ಕುದಿಸಿ, ಆಸ್ಪತ್ರೆಯ ಕಸದ ಜೊತೆ ಸುಡಲು ಕಳಿಸುತ್ತಾರೆ. ಅದು ನನ್ನ ಕೈಯಲ್ಲಿಲ್ಲ.

ತಪ್ಪು ಚೀಟಿ ಕಟ್ಟಿದವನ ಕೈಯಿಂದ ನಾಲ್ಕುನೂರು ಬಳ್ಳಿ ಕೀಳಿಸಿದೆ ಎಂದು ನಿಮ್ಮ ಮೊದಲ ಪತ್ರದಲ್ಲಿ ಬರೆದಿದ್ದಿರಿ. ಹದಿನೇಳಕ್ಕೆ ಚೀಟಿ ಕಟ್ಟಿದವರು ನೀವು.

ಆಮ್ರಪಾಲಿ


ಅಥಣಿ ರಸ್ತೆ, ವಿಜಯಪುರ
12 ಫೆಬ್ರವರಿ 2025

ಮೌಲಾಸಾಬ ನದಾಫ ಅವರಿಗೆ,

ಕೇಳಿಕೊಳ್ಳಲು ಬರೆಯುತ್ತಿಲ್ಲ. ತಿಳಿದಿರಲಿ ಎಂದು ಬರೆಯುತ್ತಿದ್ದೇನೆ.

ಎರಡು ತಿಂಗಳಿಂದ ಮಿನಾಜಳಿಗೆ ಹೊಟ್ಟೆ ನೋಯುತ್ತಿದೆ. ಉಂಡ ಮೇಲೆ ಮೊಣಕಾಲಿಗೆ ಹಣೆ ಹಚ್ಚಿ ಕೂರುತ್ತಾಳೆ. ಅವಳ ಅಪ್ಪನೂ ಹಾಗೆಯೇ ಕೂರುತ್ತಿದ್ದರು. ಅವಳಿಗಿನ್ನೂ ಒಂಬತ್ತು ವರ್ಷ. ಜಂತು ಇರಬಹುದು ಎಂದು ಔಷಧ ಕೊಟ್ಟೆ. ಕಡಿಮೆಯಾಗಲಿಲ್ಲ. ಅವರನ್ನು ನೋಡಿದ ಆಸ್ಪತ್ರೆಗೇ ಕರೆದುಕೊಂಡು ಹೋದೆ. ಅಪ್ಪನಿಗೆ ಇದೇ ಇತ್ತು, ಇವಳಿಗೂ ಒಳಗಿನ ಚಿತ್ರ ತೆಗೆಯಿರಿ ಎಂದೆ. ಅಲ್ಲಿಯವರು ಹಳೆಯ ಹಾಳೆ ತೆಗೆದು ಓದಿ ನಕ್ಕರು. "ಅದು ಕುಡಿಯೋರಿಗೆ ಬರೂದವಾ. ಕೂಸಿಗೆ ಯಾಕ ಬರತೈತಿ?" ಎಂದು ಅಜೀರ್ಣದ ಮಾತ್ರೆ ಬರೆದು ಕಳಿಸಿದರು.

ನಿಮ್ಮ ಒಂದು ಮಾತು ನಾಲ್ಕು ವರ್ಷದಿಂದ ಆ ಹಾಳೆಯಲ್ಲಿ ಕೂತಿದೆ. ಮೊದಲು ಅವರ ದಾರಿಗೆ ಅಡ್ಡ ಬಂತು. ಈಗ ಇವಳ ದಾರಿಗೆ.

ನಿಮ್ಮನ್ನು ಕಂಡರೆ ನನಗಾಗುವುದಿಲ್ಲ. ನೀವು ಬರೆದು ಕೊಟ್ಟರೂ ಆಗುವುದಿಲ್ಲ. ಆದರೆ ಬರೆದು ಕೊಡದಿದ್ದರೆ, ದೊಡ್ಡವಳಾದ ಮೇಲೆ ಮಿನಾಜಳಿಗೆ ಇದನ್ನೆಲ್ಲ ಓದಲು ಕೊಡುತ್ತೇನೆ.

ಸಾಯಿರಾ


ಬಿಜ್ಜರಗಿ
10 ಮಾರ್ಚ್ 2025

ಸಾಯಿರಾ,

ಉತ್ತರ ತಡವಾಯಿತು. ಸುಳ್ಳು ಯಾಕೆ ಹೇಳಲಿ, ಬರೆಯಬಾರದು ಎಂದೇ ಇದ್ದೆ. ನಿನ್ನ ಕಾಗದ ಬಂದ ಮೇಲೆ ಎರಡು ಸಲ ಹರಿಯಲು ಎತ್ತಿಕೊಂಡೆ. ಮೊಣಕಾಲಿಗೆ ಹಣೆ ಹಚ್ಚುತ್ತಾಳೆ ಎಂಬಲ್ಲಿ ಕೈ ನಿಂತಿತು.

ನಿನ್ನ ಬಾಯಿ ಮುಚ್ಚಿಸಬೇಕು, ಆ ಡಾಕ್ಟರಬಾಯಿಯ ಬಾಯಿಯನ್ನೂ ಮುಚ್ಚಿಸಬೇಕು ಎಂದು ನಿನ್ನೆ ಬೆಳಿಗ್ಗೆ ಬಸಗೊಂಡಪ್ಪನ ಶೆಡ್ಡಿಗೆ ಹೋದೆ. ಅಕ್ರಮ ಅಲ್ಲಿ ಏಳು ಹಂಗಾಮು ದುಡಿದವನು. ಯಾರ ಜೊತೆ ಕುಡಿಯುತ್ತಿದ್ದ, ಎಲ್ಲಿ ಕುಡಿಯುತ್ತಿದ್ದ ಎಂದು ಬರೆಸಿಕೊಂಡು, ಸಹಿ ಹಾಕಿಸಿಕೊಂಡು, ಅದನ್ನು ತಂದು ನಿನ್ನ ಮುಖಕ್ಕೆ ಹಿಡಿಯಬೇಕು ಎಂದಿದ್ದೆ. ಇದು ನಿನಗೆ ಗೊತ್ತಿರಲಿ. ನಾನು ಒಳ್ಳೆಯ ಬುದ್ಧಿಯಿಂದ ಹೋದವನಲ್ಲ.

ಈ ವರ್ಷ ಕಾಯಿ ಜೋರಾಗಿದೆ. ಶೆಡ್ಡಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಸಗೊಂಡಪ್ಪ ನನ್ನ ಮಾತು ಕೇಳಿಸಿಕೊಂಡ. ಮಾತಿಗೆ ಪುರಸೊತ್ತಿಲ್ಲ, ಇಬ್ಬರು ಆಳು ಬಂದಿಲ್ಲ, ನಿಂತು ಮಾತಾಡುವ ಬದಲು ಕೈ ಹಚ್ಚು ಎಂದ. ಹಚ್ಚಿದೆ. ಕಾಯಿ ಒಣಹಾಕಿದ ಬಲೆಯ ಕೆಳಗೆ ಉದುರಿ ಕೊಳೆತದ್ದನ್ನು ಬಳಿದು ಬುಟ್ಟಿಗೆ ತುಂಬಿ ಹಿಂದಿನ ಗುಂಡಿಗೆ ಸುರಿಯುವ ಕೆಲಸ. ಗುಂಡಿಯಲ್ಲಿ ಹಳೆಯ ಕಾಯಿ ಹುಳಿತು ಬುರುಗು ಎದ್ದಿತ್ತು. ಬುಟ್ಟಿಯ ರಸ ತಲೆಯಿಂದ ಸೋರಿ ಕುತ್ತಿಗೆ, ಬೆನ್ನು, ತೋಳು ಎಲ್ಲ ಆಯಿತು. ನನಗೆ ರಮಜಾನದ ರೋಜಾ. ನೀರೂ ಮುಟ್ಟಿರಲಿಲ್ಲ. ನಾನು ತೋಟದ ಮನುಷ್ಯ, ಕಡ್ಡಿ ಕಟ್ಟಿ ಬರುವವನು. ಹಂಗಾಮಿನಲ್ಲಿ ಶೆಡ್ಡಿನೊಳಗೆ ದಿನವಿಡೀ ನಿಂತವನಲ್ಲ. ಆ ವಾಸನೆ ಇಷ್ಟು ಹತ್ತುತ್ತದೆ ಎಂದು ನನಗೆ ತಿಳಿದಿರಲಿಲ್ಲ ಎಂದು ಬರೆಯಬಹುದಿತ್ತು. ಬರೆಯುವುದಿಲ್ಲ. ಹುಳಿತ ದ್ರಾಕ್ಷಿ ಯಾವುದು, ಸೆರೆ ಯಾವುದು ಎಂದು ನನಗೆ ಗೊತ್ತಿತ್ತು.

ಮಧ್ಯಾಹ್ನ ಬಸಗೊಂಡಪ್ಪ ಬದಿಗೆ ಕರೆದ. ಅವನು ಅಂದದ್ದು ಇಷ್ಟು: "ಈ ಗುಂಡಿ ಏಳು ವರ್ಷ ನಿನ್ನ ಮಗನೇ ಬಳದಾನ, ಮೌಲಾ. ಉಳದವರು ಒಲ್ಲೆ ಅಂತಿದ್ರು. ಅವ ಕುಡದದ್ದು ನಾ ಕಂಡಿಲ್ಲ. ಏನ್ ಬರೀಲಿ ಹೇಳು?"

ನಾನು ಏನೂ ಬರೆಸಲಿಲ್ಲ.

ಅಲ್ಲಿಂದ ವಿಜಯಪುರದ ಬಸ್ಸು ಹತ್ತಿದೆ. ನಿನ್ನ ಮನೆಗೆ ಬಂದು, ಮಿನಾಜಳನ್ನು ನೋಡಿ, ಮುಂದೆ ಏನು ಹೇಳಬೇಕೋ ಬಾಯಿಗೆ ಬಂದದ್ದನ್ನು ಹೇಳೋಣ ಎಂದು. ಬಾಗಿಲ ಹತ್ತಿರದ ಸೀಟಿನಲ್ಲಿ ಕೂತೆ. ಪಕ್ಕದ ಹೆಣ್ಣುಮಗಳು ಸೆರಗು ಮೂಗಿಗೆ ಹಚ್ಚಿ ಎದ್ದು ಹಿಂದೆ ಹೋದಳು. ಇನ್ನೊಬ್ಬ ಕಿಟಕಿ ತೆಗೆದ. ಕಂಡಕ್ಟರ್ ಬಂದು ನನ್ನ ಟೋಪಿ ನೋಡಿದ, ಗಡ್ಡ ನೋಡಿದ, ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದ: "ಕಾಕಾ, ರಮಜಾನದಾಗರ ಬಿಡಬಾರದೇನ್ರಿ?"

ಬೈದಿದ್ದರೆ ನಾನೂ ಬೈಯುತ್ತಿದ್ದೆ. ಮೆಲ್ಲಗೆ ಹೇಳಿದ. ಮಂದಿ ಕೇಳಬಾರದು ಎಂದು ನನ್ನ ಮಾನ ಕಾಯ್ದು ಹೇಳಿದ.

ನಾನು ಕುಡಿದಿಲ್ಲ ಎನ್ನಲು ಬಾಯಿ ತೆರೆದೆ. ಆಗ ನಾಲಿಗೆಗೆ ಬಂದ ಮಾತು ಅಂಗಿ ಮೂಸಬೇಡ, ಬಾಯಿ ಮೂಸು ಎಂಬುದು. ಅದನ್ನು ಯಾರು ಯಾರಿಗೆ ಹೇಳಿದ್ದರು ಎಂದು ನಿನಗೆ ಗೊತ್ತಿದೆ. ನಾನು ಬಾಯಿ ಮುಚ್ಚಿದೆ. ಮುಂದಿನ ಸ್ಟಾಪಿನಲ್ಲಿ ಇಳಿದೆ. ಅಲ್ಲಿಂದ ನಡೆದು ಊರಿಗೆ ಬಂದೆ. ಆ ವಾಸನೆ ಹೊತ್ತು ನಿನ್ನ ಬಾಗಿಲಿಗೆ ಬರಲಾರೆ. ಬಂದಿದ್ದರೆ ನೀನು ಮೂಸಿ ನೋಡುತ್ತಿದ್ದೆ, ನನಗೆ ಗೊತ್ತು. ಅದಕ್ಕೇ ಬರಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ್ದು ನನ್ನನ್ನಲ್ಲ, ಅವನನ್ನು. ಅವನು ಇಲ್ಲ ಎನ್ನಲು ತಲೆ ಎತ್ತಿದ. ನಾನು ನಡುವೆ ಬಾಯಿ ಹಾಕಿದೆ. ನಮ್ಮೂರಿನ ಇಬ್ಬರು ಅಲ್ಲಿ ನಿಂತಿದ್ದರು. ಮಗನ ಕುಡಿತ ಮುಚ್ಚಿಟ್ಟ ಎಂದು ಅವರು ಊರಲ್ಲಿ ಆಡಿಕೊಳ್ಳಬಾರದು ಎಂಬುದೇ ನನ್ನ ತಲೆಯಲ್ಲಿತ್ತು. ಏಳೆಂಟು ವರ್ಷ ಎಂದದ್ದು ಎಲ್ಲಿಂದ ಬಂತೋ ನನಗೆ ತಿಳಿಯದು. ಲೆಕ್ಕ ಕೇಳಿದರು, ಒಂದು ಲೆಕ್ಕ ಹೇಳಿದೆ. ಅಕ್ರಮ ನನ್ನ ಕಡೆ ನೋಡಿದ. ಸಿಟ್ಟಿನಿಂದ ನೋಡಲಿಲ್ಲ. ಗುರುತು ಸಿಗದವರನ್ನು ನೋಡುವ ಹಾಗೆ ನೋಡಿದ.

ಲ್ಯಾಬಿನ ಸಮಿತಿಗೆ ನಾಳೆ ಬರೆಯುತ್ತೇನೆ. ಅದರದೇ ಇನ್ನೊಂದು ಪ್ರತಿ ಆಸ್ಪತ್ರೆಗೂ ಹೋಗುತ್ತದೆ. ಮೂರನೆಯದನ್ನು ನಿನಗೆ ಕಳಿಸುತ್ತೇನೆ, ಮಿನಾಜಳ ಕೈ ಹಿಡಿದು ಹೋಗುವಾಗ ತೆಗೆದುಕೊಂಡು ಹೋಗು. ಮಾತ್ರೆ ಬರೆದವನ ಮುಂದೆ ಇಡು. ಚಿತ್ರ ತೆಗೆಯಲು ಅವನು ಒಲ್ಲೆ ಎಂದರೆ ಹೇಳಿ ಕಳಿಸು. ಆ ಕೆಲಸಕ್ಕೆ ನನ್ನ ಬಾಯಿ ಇನ್ನೂ ಗಟ್ಟಿಯಾಗಿದೆ.

ಮಾವ ಎಂದು ಬರೆಯಬೇಡ. ನಾನು ಕೇಳಿಲ್ಲ.

ಮೌಲಾಸಾಬ


ಬಿಜ್ಜರಗಿ
11 ಮಾರ್ಚ್ 2025

ಸಂಶೋಧನಾ ಕೇಂದ್ರದ ಸಮಿತಿಗೆ,
ಡಾಕ್ಟರಬಾಯಿ ಆಮ್ರಪಾಲಿ ಅವರ ಮುಖಾಂತರ.

ನಂಬರ್ ಹದಿನೇಳರ ಹಾಳೆಯನ್ನು ತಿದ್ದುವ ಬಗ್ಗೆ.

2021ರ ಮಾರ್ಚಿನಲ್ಲಿ ನನ್ನ ಮಗ ಅಕ್ರಮನನ್ನು ಆಸ್ಪತ್ರೆಗೆ ಸೇರಿಸಿದಾಗ, ಅವನು ದಿನಾಲು ಕುಡಿಯುತ್ತಾನೆ ಎಂದು ನಾನು ಹೇಳಿ ಬರೆಸಿದೆ. ಅವನನ್ನು ಮಾತಾಡಗೊಡಲಿಲ್ಲ. ಅವನು ಕುಡಿದದ್ದನ್ನು ನಾನು ಒಮ್ಮೆಯೂ ಕಂಡಿಲ್ಲ. ಅವನ ಅಂಗಿಗೆ ಹತ್ತಿದ್ದು ಶೆಡ್ಡಿನಲ್ಲಿ ಹುಳಿತ ದ್ರಾಕ್ಷಿಯ ವಾಸನೆ. ಬಾಯಿ ಮೂಸಿ ನೋಡಿರಿ ಎಂದು ಅವನೇ ಹೇಳಿದ್ದ, ನಾನು ನೋಡಲಿಲ್ಲ. ಯಾರೂ ಹೇಳಿಕೊಟ್ಟು ಇದನ್ನು ಬರೆಸಿಲ್ಲ. ಬರೆಸಲು ನೋಡಿದವರನ್ನೆಲ್ಲ ಇದುವರೆಗೆ ಬೈದಿದ್ದೇನೆ.

ಡಾಕ್ಟರಬಾಯಿಗೆ ಎರಡು ಮಾತು. ಇದನ್ನು ಬರೆದೆನೆಂದು ನಿಮ್ಮ ಮೇಲೆ ನನಗೆ ಪ್ರೀತಿ ಬಂದಿದೆ ಎಂದು ತಿಳಿಯಬೇಡಿ. ನೀವು ಬರೆದ ಕೊನೆಯ ಪತ್ರದ ಕೊನೆಯ ಸಾಲು ಯಾರೂ ಯಾರಿಗೂ ಬರೆಯಬಾರದಂಥದು. ಅದನ್ನು ಅಳಿಸಿ ಎಂದೂ ನಾನು ಹೇಳುವುದಿಲ್ಲ.

ಸೀಸೆಗಳನ್ನು ಇಟ್ಟುಕೊಳ್ಳಿ. ನನಗೆ ಬೇಡ. ಅವನು ಬರೆದ ಸಾಲಿಗೆ ಉತ್ತರ ಹುಡುಕಿ. ನಾಲ್ಕೂ ಮುಗಿದು, ಸುಸ್ತಾಗಿ ನಿಂತವನ್ನು ಮಾತ್ರ ಸುಡಬೇಡಿ. ಹೇಳಿ ಕಳಿಸಿ, ಬಿಳಿ ಬಟ್ಟೆ ತರುತ್ತೇನೆ. ಸಾಯಿರಾ ಒಪ್ಪಿದರೆ ಅವಳೇ ಹಿಡಿದುಕೊಳ್ಳಲಿ.

ಹೆಸರು ಬರೆಯಲು ನಿಮ್ಮ ಕಾಯಿದೆ ಬಿಡುವುದಿಲ್ಲ. ನಂಬರೇ ಇರಲಿ. ಆ ನಂಬರಿನ ಎದುರಿಗೆ ಮೊದಲಿನದನ್ನು ಹೊಡೆದು ಹಾಕಿ ಹೀಗೆ ಬರೆಯಬೇಕು:

ಮದ್ಯಪಾನ: ಇಲ್ಲ. ಎಂದೂ ಇಲ್ಲ.
ಮಾಹಿತಿ ನೀಡಿದವರು: ತಂದೆ, ಮೌಲಾಸಾಬ ಹುಸೇನಸಾಬ ನದಾಫ.